ಕಾಗದ ಎಳೆದು ನೋಡುವುದು

ಮೊದಲು ಅವನು ಕೇಳಿದ್ದು ದುಡ್ಡಲ್ಲ,
ನಿನ್ನೆಯ ಪೇಪರು.

ಕೋಡಿಬಾಗದಲ್ಲಿ, ಬಲೆ ಒಣಗುವ ಬಯಲಿನ ಅಂಚಿಗೆ
ಬಸ್ತ್ಯಾಂವನ ಶೆಡ್ಡು.
ಚಿರೇಕಲ್ಲು ಅಡ್ಡ ಮಲಗಿಸಿ ಒಂದರ ಮೇಲೊಂದು, ಎರಡು,
ಎಡ ಮುಂದಿನ ಚಕ್ರ ಅದರ ಮೇಲೆ ಹತ್ತಿಸಿದ.
ಬಲ ಚಕ್ರದಡಿ ಮೊದಲೇ ಹಾಸಿದ್ದ ಪೇಪರಿನ ತುದಿ ಹಿಡಿದು ಎಳೆದ:
ಬೆಣ್ಣೆಯೊಳಗಿನ ಕೂದಲಿನ ಹಾಗೆ ಬಂತು.
"ನೋಡು. ನಿಂತ ಹಾಗೆ ಕಾಣ್ತದೆ.
ನಿಂತಿಲ್ಲ."

ಆಗ ನೆನಪಾಯಿತು ಕಾಂದ್ರೆವಾಡಾದ ಏರು.
ಹಳ್ಳ ದಾಟಿ ಹೊರಳುವಲ್ಲಿ ಎಡಕ್ಕೆ ಬಂಡೆ, ಬಲಕ್ಕೆ ಗುಂಡಿ;
ಒಂದು ಚಕ್ರ ಗಾಳಿಯಲ್ಲಿ ಗಿರ್ರನೆ ತಿರುಗಿ
ಜೀಪು ನನ್ನನ್ನು ಕೇಳದೆ ಹಿಂದಕ್ಕೆ ಸರಿದದ್ದು.
ಒಳಗೆ ಒಂಬತ್ತು ಜನ, ಎರಡು ಸಿಲಿಂಡರು.
ಉಳಿದವರು ದೇವರನ್ನು ಕರೆಯುತ್ತಿದ್ದಾಗ
ಜಾನ್ಕಿ ವೇಳಿಪ ಹೇಳಿದ್ದು ಇಷ್ಟೇ:
"ಒಣಮೀನಿನ ಚೀಲ ಮೊದಲು ಇಳಿಸು."

ಕಮಾನು ಪಟ್ಟಿ ಬಿಚ್ಚಿದ. ಏಳು ಪ್ಲೇಟು,
ನಡುವೆ ಹತ್ತು ವರ್ಷದ ಮಣ್ಣು,
ತುಕ್ಕಿನಲ್ಲಿ ಒಂದಕ್ಕೊಂದು ಅಂಟಿ
ಏಳೂ ಸೇರಿ ಒಂದೇ ಹಟವಾಗಿತ್ತು.
ಎರಡನ್ನು ತೆಗೆದು ಗೋಡೆಗೆ ಒರಗಿಸಿದ.
ಉಳಿದ ಐದನ್ನು ಉಜ್ಜಿ, ಕಪ್ಪು ಗ್ರೀಸು ಸವರಿದ
ಬಂಗಡೆಗೆ ಮಸಾಲೆ ಹಚ್ಚುವ ಹಾಗೆ, ಎರಡೂ ಬದಿ.
ಶ್ಯಾಕಲ್ಲು ಹೊಸದು, ಎರಡಿಂಚು ಉದ್ದ,
ಮುಂದಿದ್ದುದನ್ನು ಹಿಂದಿನ ತುದಿಗೆ ತಂದು ಕೂರಿಸಿದ.
"ಕಲ್ಲು ಹೊಡೆದಾಗ ಚಕ್ರ ಒಂದು ಹೆಜ್ಜೆ ಹಿಂದೆ ಸರೀಬೇಕು,
ಎದುರು ಹೋಗಿ ಜಗಳ ಆಡೂದಲ್ಲ."

ಬ್ರೇಕಿನ ಹೋಸನ್ನು ಮಾತ್ರ ಮೂರು ಸಲ ಅಳೆದ.
"ಎಲ್ಲಾ ಸಡಿಲ ಮಾಡಿ ಇದೊಂದು ಗಿಡ್ಡ ಬಿಟ್ಟರೆ
ಚಕ್ರ ಇಳೀತದೆ, ಹೋಸು ಹರೀತದೆ,
ನೀನು ನೇರ ಕಾಳಿ ನದಿಗೆ."

ಜ್ಯಾಕಿನ ಹಿಡಿ ಬಿಡದೆ ಕೂತಿದ್ದ ನಿರುಪಾ ಹರಿಕಂತ್ರ
ಹತ್ತೊಂಬತ್ತರ ಹುಡುಗಿ, ಹಣೆಗೆಲ್ಲ ಎಣ್ಣೆ,
ಯಾರೂ ಕೇಳದೆ ಹೇಳಿದಳು:
"ನಮ್ಮ ಅಪ್ಪನ ದೋಣಿಯ ಉಲಾಂಡಿಗೆ ಮೊಳೆ ಇಲ್ಲ.
ಕತ್ತದ ಹಗ್ಗ ಅಷ್ಟೇ.
ಮೊಳೆ ಹೊಡೆದವರದ್ದು ಮೂರನೇ ತೆರೆಗೇ ಮುರೀತಂತೆ."
ಬಸ್ತ್ಯಾಂವ ಅವಳ ಕಡೆ ನೋಡಲಿಲ್ಲ.
ಬಿಗಿಯುತ್ತಿದ್ದ ನಟ್ಟನ್ನು ಕಾಲು ಸುತ್ತು ಹಿಂದೆ ಬಿಟ್ಟ.

ಸಂಜೆ ಮತ್ತೆ ಚಿರೇಕಲ್ಲು. ಎರಡು. ಮೂರು.
ಎಡ ಚಕ್ರ ಮಡ್‌ಗಾರ್ಡಿನೊಳಗೆ ತಲೆ ತೂರಿಸಿತು.
ಬಲದ್ದು ಇಳಿಯಿತು, ಇನ್ನೂ ಇಳಿಯಿತು,
ಕರೆಂಟು ಹೋದಾಗ ಮೆಟ್ಟಿಲು ತಡಕುವ ಪಾದದಂತೆ,
ಸಿಕ್ಕಿತು.
ಪೇಪರು ಎಳೆದ. ಬರಲಿಲ್ಲ.
ಮತ್ತೂ ಎಳೆದ. ಹರಿಯಿತು.
ಅರ್ಧ ಮಂತ್ರಿ ಅವನ ಕೈಯಲ್ಲಿ,
ಅರ್ಧ ಮಂತ್ರಿ ಟೈರಿನಡಿ.
ನಿರುಪಾ ನಕ್ಕಳು. ಬಸ್ತ್ಯಾಂವ ನಗಲಿಲ್ಲ.
"ಹೈವೇಯಲ್ಲಿ ಇನ್ನು ಇದು ಕುಡುಕ. ಐವತ್ತು ದಾಟಬೇಡ.
ಎರಡೂ ಒಟ್ಟಿಗೆ ಸಿಗೂದಿಲ್ಲ, ಮಾರಾಯ."

ಭಾನುವಾರ ಸಂತೆ ಮುಗಿಸಿ ಹೊರಟೆವು.
ಕದ್ರಾ ತನಕ ನುಣ್ಣನೆ ಡಾಂಬರು, ತಿರುವು ತಿರುವಿಗೂ
ಜೀಪು ಭುಜದ ಮೇಲೆ ಭುಜ ಹಾಕಿ ಓಲಾಡಿತು.
ತೆಗೆದ ಎರಡು ಪ್ಲೇಟು, ಎಸೆಯಲಾಗದೆ ನಾನು ಇಟ್ಟುಕೊಂಡವು,
ಸೀಟಿನಡಿ ಖಣಖಣ ಬೈದವು.
ಜಾನ್ಕಿ ವೇಳಿಪ ಪರದೆ ಸರಿಸಿ ವಾಂತಿ ಮಾಡಿದಳು, ಎರಡು ಸಲ.

ಆಮೇಲೆ ಹಳ್ಳ. ಆಮೇಲೆ ಆ ಹೊರಳು.
ನಾನು ಉಸಿರು ಹಿಡಿದೆ.
ಬಂಡೆ ಎಡವನ್ನು ಎತ್ತಿತು, ಎತ್ತಲಿ.
ಬಲ ಗುಂಡಿಯೊಳಗೆ ಕೈ ಬಿಟ್ಟು ನೆಲ ಮುಟ್ಟಿತು.
ಹಿಂದೆ ಯಾರೋ ಬಂಗಡೆಯ ರೇಟು ಹೇಳುತ್ತಿದ್ದರು,
ವಾಕ್ಯ ತುಂಡಾಗಲಿಲ್ಲ.

ಮೇಲೆ ಇಳಿದು, ಚಿಲ್ಲರೆ ಎಣಿಸಿ ಕೊಡುತ್ತಾ
ಜಾನ್ಕಿ ಕೇಳಿದಳು:
"ಕಲ್ಲು ದಾರಿ ಯಾವಾಗ ರಿಪೇರಿ ಮಾಡಿದ್ರು?
ಕೆಳಗಿನ ಡಾಂಬರು ಮಾತ್ರ
ಪೂರಾ ಹಾಳಾಗಿ ಹೋಗದೆ ನೋಡು."